ಒಂದು ಇಂಚಿನ ಪೈಪಿಗೆ ರೋಲಿಂಗ್ ಯಂತ್ರ: ಕೊಳ್ಳುವುದೇ, ಕಟ್ಟಿಕೊಳ್ಳುವುದೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಮನೆಗೆ ಹೊಂದಿಕೊಂಡ ಶೆಡ್‌ನಲ್ಲಿ ಸಣ್ಣಪುಟ್ಟ ವೆಲ್ಡಿಂಗ್ ಕೆಲಸ ಮಾಡುತ್ತೇನೆ. ಆರ್ಕ್ ವೆಲ್ಡಿಂಗ್ ಯಂತ್ರ, ಕಟಿಂಗ್ ಯಂತ್ರ, ಗ್ರೈಂಡರ್, ನಿಲ್ಲಿಸುವ ಡ್ರಿಲ್ಲಿಂಗ್ ಯಂತ್ರ ಇವೆ, ಲೇತ್ ಇಲ್ಲ. ಅಡಿಕೆ ಸಸಿಗಳ ನೆರಳು ಮನೆಗೆ ಕಮಾನು, ಗೇಟಿನ ಮೇಲಿನ ಬಾಗು, ಉಯ್ಯಾಲೆಯ ಬಳೆ ಮಾಡಿಕೊಡಿ ಎಂದು ಜನ ಕೇಳುತ್ತಾರೆ. ಒಂದು ಇಂಚು ಮತ್ತು ಒಂದೂವರೆ ಇಂಚು ಪೈಪನ್ನು ದುಂಡಗೆ ಬಗ್ಗಿಸಬೇಕು. ಕೈಯಿಂದ ತಿರುಗಿಸುವ ಸಣ್ಣ ರೋಲಿಂಗ್ ಯಂತ್ರ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೈಡ್ರಾಲಿಕ್ ಪೈಪ್ ಬೆಂಡರ್ ತೆಗೆದುಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ಕೊಳ್ಳಲೇ ಅಥವಾ ನಾನೇ ಕಟ್ಟಿಕೊಳ್ಳಲೇ? ಮೋಟಾರ್ ಅಗತ್ಯವೇ? ಚೌಕ ಪೈಪನ್ನೂ ಅದರಲ್ಲೇ ಸುತ್ತಬಹುದೇ?

ಉತ್ತರ: ಯಂತ್ರದ ವಿಚಾರಕ್ಕೆ ಹೋಗುವ ಮುನ್ನ ನಿಮ್ಮ ಶೆಡ್‌ನಲ್ಲಿ ಬಿದ್ದಿರುವ ಪೈಪ್ ತುಂಡುಗಳ ಹೊರವ್ಯಾಸವನ್ನು ಅಳೆಯಿರಿ. ವರ್ನಿಯರ್ ಇಲ್ಲದಿದ್ದರೆ ಕಾಗದದ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಸುತ್ತಳತೆಯನ್ನು 3.14ರಿಂದ ಭಾಗಿಸಿ. ‘ಒಂದು ಇಂಚು’ ಎಂಬ ಒಂದೇ ಹೆಸರಿನಲ್ಲಿ ಕಬ್ಬಿಣದ ಅಂಗಡಿಯವರು ಎರಡು ಬೇರೆ ಬೇರೆ ಸರಕು ಕೊಡುತ್ತಾರೆ. ಐಎಸ್ 1239 ಎಂಬ ಭಾರತೀಯ ಮಾನದಂಡದ ಪ್ರಕಾರ ತಯಾರಾಗುವ ನೀರಿನ ಪೈಪಿನಲ್ಲಿ ಒಂದು ಇಂಚು ಎಂಬುದು ಹೆಸರು ಮಾತ್ರ. ಅದರ ಹೊರವ್ಯಾಸ ಸುಮಾರು 33.7 ಮಿಮೀ. ಕುರ್ಚಿ, ಮಂಚಗಳಿಗೆ ಬಳಸುವ ತೆಳು ಟ್ಯೂಬಿನಲ್ಲಿ ಒಂದು ಇಂಚು ಎಂದರೆ ಹೊರವ್ಯಾಸವೇ ಒಂದು ಇಂಚು, ಅಂದರೆ 25.4 ಮಿಮೀ. ಒಂದೂವರೆ ಇಂಚಿನಲ್ಲಿಯೂ ಇದೇ ಕಥೆ: ಪೈಪಾದರೆ 48.3, ಟ್ಯೂಬಾದರೆ 38.1. ನೀರಿನ ಪೈಪಿನ ಗೋಡೆಯ ದಪ್ಪವನ್ನು ಬಣ್ಣದ ಪಟ್ಟಿಯಿಂದ ಗುರುತಿಸಬಹುದು. ಹಳದಿ ಎಂದರೆ ಹಗುರ, ನೀಲಿ ಎಂದರೆ ಮಧ್ಯಮ, ಕೆಂಪು ಎಂದರೆ ಭಾರ. ನಮ್ಮವರು ಎ, ಬಿ, ಸಿ ಕ್ಲಾಸ್ ಎನ್ನುವುದು ಇವನ್ನೇ. ಒಂದು ಇಂಚಿನ ಪೈಪಿನಲ್ಲಿ ಈ ಮೂರರ ದಪ್ಪ ಕ್ರಮವಾಗಿ 2.6, 3.2 ಮತ್ತು 4 ಮಿಮೀ.

ರೋಲಿಂಗ್ ಯಂತ್ರಕ್ಕೆ ಹೊರವ್ಯಾಸವೊಂದೇ ಲೆಕ್ಕ. ರೋಲರಿನ ಮೈಸುತ್ತ 25.4ಕ್ಕೆ ಕೊರೆದ ಗ್ರೂವ್‌ನಲ್ಲಿ, ಅಂದರೆ ತೋಡಿನಲ್ಲಿ, 33.7ರ ಪೈಪ್ ಕೂರುವುದೇ ಇಲ್ಲ, 33.7ರ ಗ್ರೂವ್‌ನಲ್ಲಿ 25.4ರ ಟ್ಯೂಬ್ ಓಡಿಸಿದರೆ ಅದಕ್ಕೆ ಪಕ್ಕದ ಆಸರೆ ಸಿಗದೆ ಚಪ್ಪಟೆಯಾಗುತ್ತದೆ. ‘1 ಇಂಚು, 1.5 ಇಂಚು ರೋಲರ್ ಸೆಟ್ ಜೊತೆಗೆ’ ಎಂದಷ್ಟೇ ಬರೆದ ಜಾಹೀರಾತನ್ನು ನಂಬಿ ಹಣ ಕಳಿಸಬೇಡಿ. ಗ್ರೂವ್‌ನ ಅಳತೆಯನ್ನು ಮಿಲಿಮೀಟರ್‌ನಲ್ಲಿ ಬರೆದುಕೊಡಲು ಕೇಳಿ.

ಹೈಡ್ರಾಲಿಕ್ ಪೈಪ್ ಬೆಂಡರ್ ವಿಚಾರವನ್ನು ಇಲ್ಲೇ ಮುಗಿಸಿಬಿಡೋಣ. ಅದು ಪ್ಲಂಬರ್‌ಗಳ ಯಂತ್ರ. ಅರ್ಧಚಂದ್ರಾಕಾರದ ಅಚ್ಚೊಂದನ್ನು ಜ್ಯಾಕ್ ಮುಂದಕ್ಕೆ ತಳ್ಳುತ್ತದೆ, ಪೈಪ್ ಆ ಅಚ್ಚಿನ ತ್ರಿಜ್ಯಕ್ಕೆ ಬಗ್ಗುತ್ತದೆ. ಮೂಲೆ ತಿರುಗಿಸಲು ಅದು ಚೆನ್ನ. ಎರಡು ಮೀಟರ್ ತ್ರಿಜ್ಯದ ಕಮಾನನ್ನು ಅದರಿಂದ ಮಾಡಹೊರಟರೆ ಅಂಗುಲ ಅಂಗುಲಕ್ಕೆ ಒತ್ತುತ್ತಾ ಹೋಗಬೇಕು. ಕೊನೆಗೆ ಸಿಗುವುದು ಬಹುಭುಜಾಕೃತಿ. ಅದರ ಅಚ್ಚುಗಳನ್ನು ನೀರಿನ ಪೈಪಿನ ಅಳತೆಗೆ ಎರಕ ಹೊಯ್ದಿರುತ್ತಾರೆ, ಹಾಗಾಗಿ ತೆಳು ಟ್ಯೂಬನ್ನು ಇಟ್ಟರೆ ನಗ್ಗುವುದು ಖಚಿತ. ನಿಮಗೆ ಬೇಕಿರುವುದು ಮೂರು ರೋಲರ್‌ಗಳ ಯಂತ್ರ.

ಅದರ ತತ್ತ್ವ ಸರಳ. ಹೊರಗಿನ ಎರಡು ರೋಲರ್‌ಗಳು ಪೈಪಿಗೆ ಆಸರೆ, ನಡುವಿನದು ಎದುರು ದಿಕ್ಕಿನಿಂದ ಒತ್ತುತ್ತದೆ. ಪೈಪನ್ನು ಹಿಂದೆ ಮುಂದೆ ಓಡಿಸುತ್ತಾ ನಡುವಿನ ರೋಲರನ್ನು ಸ್ವಲ್ಪ ಸ್ವಲ್ಪವೇ ಇಳಿಸಿದಂತೆ ಬಾಗು ಹೆಚ್ಚುತ್ತದೆ. ಎಷ್ಟು ಬಲ ಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಹೊರಗಿನ ರೋಲರ್‌ಗಳ ನಡುವಿನ ಅಂತರ 300 ಮಿಮೀ ಎಂದೂ, ಉಕ್ಕು 250 ಮೆಗಾಪಾಸ್ಕಲ್ (ಒತ್ತಡದ ಅಳತೆ) ಒತ್ತಡಕ್ಕೆ ಸೋಲುವಂಥದ್ದು, ಅಂದರೆ ಬಗ್ಗಿ ಹಾಗೆಯೇ ಉಳಿಯುವಂಥದ್ದೆಂದೂ ಇಟ್ಟುಕೊಳ್ಳಿ. 25.4 ಮಿಮೀ ಹೊರವ್ಯಾಸದ, 2 ಮಿಮೀ ದಪ್ಪದ ಟ್ಯೂಬನ್ನು ಬಗ್ಗಿಸಲು ನಡುವಿನ ರೋಲರ್ ಮೇಲೆ ಸುಮಾರು 370 ಕೆಜಿ ಭಾರದಷ್ಟು ಒತ್ತಡ ಸಾಕು. 33.7ರ ಬಿ ಕ್ಲಾಸ್ ಪೈಪಿಗೆ ಅದೇ ಒತ್ತಡ ಒಂದು ಟನ್‌ಗೆ ಏರುತ್ತದೆ. ಒಂದೂವರೆ ಇಂಚಿನ ಬಿ ಕ್ಲಾಸ್ ಪೈಪಿಗೆ 2.2 ಟನ್ ಬೇಕು, ಅಂದರೆ ಮೊದಲಿನದರ ಆರು ಪಟ್ಟು. 38.1ರ ಟ್ಯೂಬ್, 2 ಮಿಮೀ ದಪ್ಪದ್ದಾದರೆ, ಸುಮಾರು 900 ಕೆಜಿಯಲ್ಲಿ ಬಗ್ಗುತ್ತದೆ. ಗಡಸು ಉಕ್ಕಿನ ಟ್ಯೂಬ್ ಬಂದರೆ ಈ ಅಂಕಿಗಳು ಇನ್ನಷ್ಟು ಮೇಲಕ್ಕೆ ಹೋಗುತ್ತವೆ, ಆದ್ದರಿಂದ ಯಂತ್ರಕ್ಕೆ ಒಂದೂವರೆ ಪಟ್ಟಾದರೂ ಹೆಚ್ಚಿನ ಬಲವಿರಲಿ.

ಈಗ ಇದೇ ಬಲವನ್ನು ರೋಲರನ್ನು ಹೊತ್ತ ದುಂಡು ಸರಳಿನ, ಅಂದರೆ ಶಾಫ್ಟಿನ, ಮೇಲಿಟ್ಟು ನೋಡಿ. ಅಗ್ಗದ ಯಂತ್ರಗಳಲ್ಲಿ ರೋಲರ್‌ಗಳು ಚೌಕಟ್ಟಿನಿಂದ ಹೊರಕ್ಕೆ ಚಾಚಿಕೊಂಡಿರುತ್ತವೆ, ಶಾಫ್ಟಿಗೆ ಒಂದೇ ಕಡೆ ಆಸರೆ. ರೋಲರ್‌ನ ನಡುಭಾಗ ಬೇರಿಂಗ್‌ನಿಂದ 60 ಮಿಮೀ ಹೊರಗಿದ್ದು, ಶಾಫ್ಟ್ 30 ಮಿಮೀ ದಪ್ಪವಿದ್ದರೆ, 25.4ರ ಟ್ಯೂಬಿಗೆ ಯಾವ ತೊಂದರೆಯೂ ಇಲ್ಲ. 33.7ರ ಪೈಪಿಗೆ ಶಾಫ್ಟಿನ ಮೇಲಿನ ಒತ್ತಡ 226 ಮೆಗಾಪಾಸ್ಕಲ್ ಆಗುತ್ತದೆ. ಮೆದು ಉಕ್ಕಿನ ಶಾಫ್ಟ್ ಸೋಲುವ ಅಂಚು ಅದು. 48.3ರ ಪೈಪಿಗೆ 490 ದಾಟುತ್ತದೆ, ಅಂದರೆ ಪೈಪಿಗಿಂತ ಮೊದಲು ಶಾಫ್ಟೇ ಬಗ್ಗುತ್ತದೆ. ಸಣ್ಣ ಕೈಯಂತ್ರದಲ್ಲಿ ‘ಎರಡು ಇಂಚಿನವರೆಗೆ’ ಎಂದು ಬರೆದಿದ್ದರೆ ಅದು ತೆಳು ಅಲ್ಯೂಮಿನಿಯಂ ಟ್ಯೂಬಿನ ಮಾತು ಎಂದುಕೊಳ್ಳುವುದು ಕ್ಷೇಮ.

ನನ್ನ ಸಲಹೆ ಹೀಗಿದೆ. ಒಂದೂವರೆ ಇಂಚಿನ ನೀರಿನ ಪೈಪನ್ನು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ. ವರ್ಷಕ್ಕೆ ನಾಲ್ಕಾರು ಗೇಟ್‌ಗಳಿಗೆ ಅದು ಬೇಕಾದರೆ ಪೀಣ್ಯದಲ್ಲಾಗಲಿ, ನಿಮಗೆ ಹತ್ತಿರದ ಯಾವುದೇ ಕೈಗಾರಿಕಾ ಪ್ರದೇಶದಲ್ಲಾಗಲಿ ರೋಲಿಂಗ್ ಮಾಡಿಕೊಡುವವರಿಗೆ ಪೈಪ್ ಒಯ್ದು ಕೊಡಿ. ಕೆಜಿ ಲೆಕ್ಕದಲ್ಲೋ ತುಂಡಿನ ಲೆಕ್ಕದಲ್ಲೋ ಕೂಲಿ ಹಿಡಿದು ಅರ್ಧ ದಿನದಲ್ಲಿ ಸುತ್ತಿಕೊಡುತ್ತಾರೆ. ಆ ಕೆಲವು ಪೈಪ್‌ಗಳಿಗಾಗಿ ಆರು ಪಟ್ಟು ಬಲದ ಯಂತ್ರ ಕಟ್ಟುವುದು ದುಡ್ಡಿನ ದಂಡ. ಒಂದು ಇಂಚಿನ ಟ್ಯೂಬಿಗೆ, ಆ ಒಂದೇ ಅಳತೆಗೆ, ನೀವೇ ಯಂತ್ರ ಕಟ್ಟಿಕೊಳ್ಳಿ. 38.1ರ ಟ್ಯೂಬ್ ಮುಂದೆ ಬೇಕಾದೀತು ಎಂದಿದ್ದರೆ ಚೌಕಟ್ಟನ್ನು ಅದಕ್ಕೆ ತಕ್ಕ ಬಲದಲ್ಲಿ ಕಟ್ಟಿ, ರೋಲರ್ ಮಾತ್ರ ಸದ್ಯಕ್ಕೆ ಒಂದೇ ಸೆಟ್ ಮಾಡಿಸಿ.

ಒಂದೇ ಸೆಟ್ ಎಂದು ಒತ್ತಿ ಹೇಳಲು ಕಾರಣವಿದೆ. ಈ ಯಂತ್ರದಲ್ಲಿ ದುಡ್ಡು ಹೋಗುವುದು ಚೌಕಟ್ಟಿಗಲ್ಲ, ರೋಲರ್‌ಗಳಿಗೆ. 100 ಮಿಮೀ ವ್ಯಾಸದ, 50 ಮಿಮೀ ಅಗಲದ ಒಂದು ರೋಲರಿಗೆ 3 ಕೆಜಿಗೂ ಸ್ವಲ್ಪ ಹೆಚ್ಚು ಉಕ್ಕು ಬೇಕು. ಮೂರು ರೋಲರಿಗೆ 9 ಕೆಜಿ, ನಾಲ್ಕು ಅಳತೆಗಳಿಗೆ 37 ಕೆಜಿ. ಅದರ ಮೇಲೆ ಹನ್ನೆರಡು ರೋಲರ್‌ಗಳ ಲೇತ್ ಕೂಲಿ. ಚೌಕಟ್ಟಿನ ಉಕ್ಕನ್ನು ಗುಜರಿಯಲ್ಲಿ ಆರಿಸಿಕೊಳ್ಳಬಹುದು, ಬೆಸುಗೆ ನಿಮ್ಮದೇ. ರೋಲರಿಗೆ ಮಾತ್ರ ಅಡ್ಡದಾರಿ ಇಲ್ಲ. ಕೆಲವರು ಹಳೆಯ ಬೆಲ್ಟ್ ಪುಲ್ಲಿಗಳನ್ನೇ ರೋಲರ್ ಮಾಡಿಕೊಳ್ಳುತ್ತಾರೆ. ಪುಲ್ಲಿಯ ತೋಡು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿರುವುದರಿಂದ ಟ್ಯೂಬನ್ನು ಎರಡು ಗೆರೆಗಳಲ್ಲಷ್ಟೇ ಹಿಡಿಯುತ್ತದೆ, ಉದ್ದಕ್ಕೂ ಎರಡು ಬರೆ ಎಳೆಯುತ್ತದೆ. ಮೇಲಾಗಿ ಅದು ಬೀಡು; ಒತ್ತಡಕ್ಕೆ ಬಗ್ಗುವುದಿಲ್ಲ, ಅಂಚು ಒಡೆದು ಹಾರುತ್ತದೆ.

ಕಟ್ಟುವ ತಾಳ್ಮೆ ಇಲ್ಲ, ಕೊಂಡೇ ಬಿಡುತ್ತೇನೆ ಎಂದರೆ ತಪ್ಪೇನಿಲ್ಲ. ಕಣ್ಣಿಂದ ನೋಡದೆ, ಕೈಯಿಂದ ಅಲುಗಿಸದೆ ಮಾತ್ರ ಕೊಳ್ಳಬೇಡಿ. ನಡುವಿನ ರೋಲರನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ; ಅದು ಜಾರುವ ಹಳಿಯಲ್ಲಿ ಲೊಟಲೊಟ ಸದ್ದಾದರೆ ಆ ಯಂತ್ರದಲ್ಲಿ ಎರಡು ಕಮಾನುಗಳು ಒಂದೇ ಥರ ಬರುವುದಿಲ್ಲ. ಮೂರೂ ರೋಲರ್‌ಗಳ ಒಂದು ಪಕ್ಕಕ್ಕೆ ನೇರ ಪಟ್ಟಿ ಹಿಡಿದು ಬೆಳಕು ನುಸುಳುತ್ತದೆಯೇ ನೋಡಿ. ನಿಮ್ಮದೇ ಟ್ಯೂಬಿನ ತುಂಡನ್ನು ಗ್ರೂವ್‌ನಲ್ಲಿ ಕೂರಿಸಿ; ಅದು ತಳದಲ್ಲಿ ಒರಗಬೇಕು, ಅಂಚುಗಳಲ್ಲಿ ಸಿಕ್ಕಿಕೊಳ್ಳಬಾರದು. ಎರಕ ಹೊಯ್ದ ರೋಲರ್‌ಗಳ ಗ್ರೂವ್‌ನಲ್ಲಿ ಅಚ್ಚಿನ ಜೋಡಣೆಯ ಗೆರೆ ಉಳಿದಿದ್ದರೆ ಅದು ಟ್ಯೂಬಿನ ಮೈಮೇಲೆ ಅಚ್ಚೊತ್ತುತ್ತದೆ. ಶಾಫ್ಟ್ ತಿರುಗುವ ಬುಷ್ ಹಿತ್ತಾಳೆಯದೋ, ಬರೀ ಕಬ್ಬಿಣದಲ್ಲಿ ಕೊರೆದ ತೂತೋ ಎಂದು ಕೇಳಿ. ರಾಜ್‌ಕೋಟ್ ಕಡೆಯಿಂದ ಬರುವ ಯಂತ್ರಗಳಲ್ಲಿ ಗಟ್ಟಿಯಾದವೂ ಇವೆ, ಬಣ್ಣದಿಂದ ಮಾತ್ರ ಹೊಳೆಯುವವೂ ಇವೆ. ಊರಿನ ಹೆಸರು ನೋಡಿ ತೀರ್ಮಾನಿಸಬೇಡಿ.

ಇನ್ನು ಕಟ್ಟುವ ಕೆಲಸ. ರೋಲರ್‌ಗಳಿಂದ ಶುರುಮಾಡಿ, ಏಕೆಂದರೆ ಉಳಿದ ಅಳತೆಗಳೆಲ್ಲ ಅವುಗಳ ಮೇಲೆ ನಿಲ್ಲುತ್ತವೆ. ಇಎನ್8 ಎಂಬ ದರ್ಜೆಯ ಉಕ್ಕಿನ 100 ಮಿಮೀ ದುಂಡು ಸರಳಿನಿಂದ ಮೂರು ತುಂಡು ಕತ್ತರಿಸಿಕೊಂಡು ಲೇತ್ ಕೆಲಸದ ಟರ್ನರ್ ಬಳಿ ಹೋಗಿ. 25.4ರ ಟ್ಯೂಬಿಗೆ ಗ್ರೂವ್‌ನ ತ್ರಿಜ್ಯ 12.8ರಿಂದ 12.9 ಮಿಮೀ ಇರಲಿ. ತೀರಾ ಬಿಗಿಯಾದರೆ ಟ್ಯೂಬ್ ಸಿಕ್ಕಿಕೊಳ್ಳುತ್ತದೆ, ತೀರಾ ಸಡಿಲವಾದರೆ ಚಪ್ಪಟೆಯಾಗುತ್ತದೆ. ಆಳ 11 ಮಿಮೀ ಸುತ್ತಮುತ್ತ ಸಾಕು. ಅರ್ಧ ವ್ಯಾಸದಷ್ಟು ಪೂರ್ತಿ ಇಳಿಸಿದರೆ ಗ್ರೂವ್‌ನ ಬಾಯಿ ಟ್ಯೂಬಿನ ಪಕ್ಕವನ್ನು ಉಜ್ಜುತ್ತದೆ. ಬಾಯಿಯ ಅಂಚುಗಳನ್ನು ದುಂಡಗೆ ಮಾಡಿ ಪಾಲಿಶ್ ಹೊಡೆಸಿ. ಮುಖ್ಯವಾದ ಮಾತು ಇನ್ನೊಂದಿದೆ: ಮೂರೂ ರೋಲರ್‌ಗಳಲ್ಲಿ ಒಂದೇ ಪಕ್ಕದಿಂದ ಗ್ರೂವ್‌ನ ನಡುವಿಗೆ ಇರುವ ದೂರ ಒಂದೇ ಆಗಿರಬೇಕು, 0.1 ಮಿಮೀಗಿಂತ ಹೆಚ್ಚು ವ್ಯತ್ಯಾಸ ಬೇಡ. ಟರ್ನರ್‌ಗೆ ಇದನ್ನು ಬಾಯಲ್ಲಿ ಹೇಳದೆ ಚಿತ್ರ ಬರೆದುಕೊಡಿ. ಗ್ರೂವ್‌ಗಳು ಒಂದೇ ಸಮತಲದಲ್ಲಿ ಇಲ್ಲದಿದ್ದರೆ ಟ್ಯೂಬ್ ಬಳೆಯಾಗದೆ ಜಿಲೇಬಿಯಂತೆ ಒಂದು ಪಕ್ಕಕ್ಕೆ ಏರುತ್ತಾ ಹೋಗುತ್ತದೆ. ಮನೆಯಲ್ಲಿ ಕಟ್ಟಿದ ಯಂತ್ರಗಳ ಸಾಮಾನ್ಯ ಕಾಯಿಲೆ ಇದೇ. ಸ್ಟೇನ್‌ಲೆಸ್ ಟ್ಯೂಬಿನ ಕೆಲಸ ಬಂದರೆ ಈ ಉಕ್ಕಿನ ರೋಲರ್‌ಗಳನ್ನು ಬಳಸಬೇಡಿ. ರೋಲರ್‌ನ ಕಬ್ಬಿಣ ಸ್ಟೇನ್‌ಲೆಸ್ ಮೈಗೆ ಹತ್ತಿಕೊಂಡು ಆಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಅದಕ್ಕೆ ನೈಲಾನ್ ಅಥವಾ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರೋಲರ್‌ಗಳನ್ನು ಬೇರೆಯಾಗಿ ಮಾಡಿಸಬೇಕು.

ಹೊರಗಿನ ರೋಲರ್‌ಗಳ ಅಂತರವನ್ನು 250ರಿಂದ 300 ಮಿಮೀ ಒಳಗೆ ಇಟ್ಟುಕೊಳ್ಳಿ. ಅಂತರ ಹೆಚ್ಚಿದಷ್ಟೂ ಒತ್ತುವ ಶ್ರಮ ಕಡಿಮೆ, ಆದರೆ ಟ್ಯೂಬಿನ ಎರಡೂ ತುದಿಗಳಲ್ಲಿ ಬಗ್ಗದೆ ಉಳಿಯುವ ಭಾಗವೂ ಹೆಚ್ಚು. ಕಡಿಮೆ ಮಾಡಿದರೆ ಚಿಕ್ಕ ಬಳೆ ಸುತ್ತಬಹುದು, ಬಲ ಹೆಚ್ಚು ಬೇಕು, ನಗ್ಗುವ ಅಪಾಯವೂ ಉಂಟು.

ಚೌಕಟ್ಟಿಗೆ 10 ಅಥವಾ 12 ಮಿಮೀ ದಪ್ಪದ ಎರಡು ತಗಡುಗಳು, ನಡುವೆ ಅಂತರ ಕಾಯಲು 100 ಮಿಮೀ ಸಿ ಚಾನೆಲ್ ತುಂಡುಗಳು ಸಾಕು. ಎರಡೂ ತಗಡುಗಳನ್ನು ಒಂದರ ಮೇಲೊಂದು ಇಟ್ಟು, ಸಿ ಕ್ಲ್ಯಾಂಪ್ ಹಾಕಿ ಬಿಗಿದು, ಒಟ್ಟಿಗೇ ತೂತು ಕೊರೆಯಿರಿ. ಬೇರೆ ಬೇರೆಯಾಗಿ ಕೊರೆದು ಆಮೇಲೆ ಹೊಂದಿಸುತ್ತೇನೆ ಎಂದರೆ ಹೊಂದುವುದಿಲ್ಲ. ಬೇರಿಂಗ್‌ಗೆ ಗೂಡು ಕೊರೆಯುವ ತಾಪತ್ರಯ ಬೇಡ. ಯುಸಿಎಫ್ 206 ಎಂಬ ಚೌಕ ಫ್ಲ್ಯಾಂಜ್‌ನ ಬೇರಿಂಗ್ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಮಾತ್ರವಲ್ಲ, ಜಿಲ್ಲಾ ಕೇಂದ್ರದ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. 30 ಮಿಮೀ ಶಾಫ್ಟಿಗೆ ಹೊಂದುವ ಇದನ್ನು ನಾಲ್ಕು ಬೋಲ್ಟ್‌ಗಳಲ್ಲಿ ಬಿಗಿಯುವುದರಿಂದ ತೂತನ್ನು ಸ್ವಲ್ಪ ದೊಡ್ಡದು ಮಾಡಿ ಕೂದಲೆಳೆಯಷ್ಟು ಸರಿಸಿಕೊಳ್ಳಬಹುದು. ರೋಲರ್ ಎರಡು ತಗಡುಗಳ ನಡುವೆ ಇದ್ದರೆ ಶಾಫ್ಟಿಗೆ ಎರಡೂ ಕಡೆ ಆಸರೆ ಸಿಗುತ್ತದೆ. 25.4 ಮತ್ತು 38.1ರ ಟ್ಯೂಬ್‌ಗಳಿಗೆ 30 ಮಿಮೀ ಶಾಫ್ಟ್, 206ರ ಬೇರಿಂಗ್ ಧಾರಾಳವಾಯಿತು.

ಎರಡು ಕಡೆ ಆಸರೆ ಇದ್ದಾಗ ಪೂರ್ತಿ ಸುತ್ತಿದ ಬಳೆಯನ್ನು ಹೊರತೆಗೆಯುವುದು ಹೇಗೆ ಎಂದು ಕೇಳುತ್ತೀರಿ. ಬಳೆಯ ತುದಿಗಳು ಇನ್ನೂ ಕೂಡಿರುವುದಿಲ್ಲವಲ್ಲ, ಒಂದು ತುದಿ ಹೊರಬರುವವರೆಗೂ ಓಡಿಸಿ, ಬಾಯಿ ಹಿಗ್ಗಿಸಿ ಎಳೆದುಕೊಳ್ಳಬಹುದು. ಚಿಕ್ಕ ಬಳೆಗಳನ್ನೇ ಹೆಚ್ಚು ಮಾಡುವುದಾದರೆ ನಡುವಿನ ಶಾಫ್ಟನ್ನು ಒಂದು ಪಕ್ಕಕ್ಕೆ ಎಳೆದು ತೆಗೆಯುವಂತೆ ಮಾಡಿಕೊಳ್ಳಿ.

ವೆಲ್ಡಿಂಗ್ ಮಾಡುವವರಿಗೆ ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ: ಮೂರು ಶಾಫ್ಟ್‌ಗಳನ್ನೂ ಬೇರಿಂಗ್ ಸಮೇತ ಕೂರಿಸಿ, ಅವು ಕೈಯಲ್ಲಿ ಸಲೀಸಾಗಿ ತಿರುಗುತ್ತಿರುವಾಗಲೇ ಚೌಕಟ್ಟಿಗೆ ಚುಕ್ಕೆ ಬೆಸುಗೆ ಹಾಕಿ. ಆಮೇಲೆ ಬೇರಿಂಗ್ ಬಿಚ್ಚಿಟ್ಟು, ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಪೂರ್ತಿ ಬೆಸುಗೆ ಹಾಕಿ. ಬೇರಿಂಗ್ ಜೋಡಿಸಿದ ಸ್ಥಿತಿಯಲ್ಲಿ ಬೆಸುಗೆ ಹಾಕಿದರೆ ಕರೆಂಟ್ ಅದರ ಗುಂಡುಗಳ ಮೂಲಕ ಹಾದು ಗುಳಿ ಬೀಳಿಸುತ್ತದೆ. ಚುಕ್ಕೆ ಬೆಸುಗೆಯ ಹೊತ್ತಿನಲ್ಲೂ ಅರ್ಥ್ ಕ್ಲ್ಯಾಂಪ್ ಬೆಸುಗೆಯ ತಗಡಿನ ಮೇಲೇ ಇರಲಿ.

ಒತ್ತುವುದಕ್ಕೆ ಸ್ಕ್ರೂ ಒಳ್ಳೆಯದೋ, ಬಾಟಲ್ ಜ್ಯಾಕ್ ಒಳ್ಳೆಯದೋ? ಇದರಲ್ಲಿ ನನ್ನ ಪಕ್ಷ ಸ್ಪಷ್ಟ: ಒಂದು ಇಂಚಿನ ಟ್ಯೂಬಿಗೆ ಸ್ಕ್ರೂ. 300 ಮಿಮೀ ಅಂತರದಲ್ಲಿ 1.8 ಮೀಟರ್ ತ್ರಿಜ್ಯದ ಕಮಾನು ಬರಬೇಕಾದರೆ ನಡುವಿನ ರೋಲರ್ ಟ್ಯೂಬನ್ನು ಮುಟ್ಟಿದ ಮೇಲೆ ಇಳಿಯಬೇಕಾದದ್ದು ಬರೀ 5ರಿಂದ 8 ಮಿಮೀ. ಆ ಅಲ್ಪ ದೂರದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಕಮಾನಿನ ಅಗಲ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ. ಎಂ24, ಅಂದರೆ 24 ಮಿಮೀ ವ್ಯಾಸದ, ಸ್ಕ್ರೂ ಒಂದು ಸುತ್ತಿಗೆ ಸಾಗುವ ದೂರ (ಪಿಚ್) 3 ಮಿಮೀ. ಅದರ ತಲೆಗೆ ತಗಡಿನ ಬಿಲ್ಲೆಯೊಂದನ್ನು ಬೆಸೆದು 12 ಗೆರೆ ಹಾಕಿದರೆ ಒಂದು ಗೆರೆಗೆ 0.25 ಮಿಮೀ ಇಳಿಯುತ್ತದೆ. ಸೆಟ್ಟಿಂಗ್ ಅಲ್ಲೇ ನಿಲ್ಲುತ್ತದೆ, ನಾಳೆಯೂ ಅದೇ ಗೆರೆಗೆ ಬರಬಹುದು. ಗುಜರಿಯಲ್ಲಿ ಹಳೆಯ ಬೆಂಚ್ ವೈಸ್ ಸಿಕ್ಕರೆ ಅದರ ಚೌಕ ಎಳೆಯ ಸ್ಕ್ರೂ ಇನ್ನೂ ಉತ್ತಮ. ಬಾಟಲ್ ಜ್ಯಾಕ್‌ಗೆ ಬಲ ಬೇಕಾದಷ್ಟಿದೆ, ಲೆಕ್ಕವಿಲ್ಲ. ವಾಲ್ವ್ ಹನಿ ಸೋರಿದರೂ ತ್ರಿಜ್ಯ ಬದಲಾಗುತ್ತದೆ. ಜೊತೆಗೆ ಅದು ತಲೆಕೆಳಗಾಗಿ ಕೆಲಸ ಮಾಡುವುದಿಲ್ಲ. ದಪ್ಪ ಪೈಪಿಗಾಗಿ ಜ್ಯಾಕೇ ಬೇಕೆಂದರೆ ಹೊರಗಿನ ಎರಡು ರೋಲರ್‌ಗಳನ್ನು ಮೇಲಿಟ್ಟು, ನಡುವಿನದನ್ನು ಕೆಳಗಿನಿಂದ ಮೇಲಕ್ಕೆ ತಳ್ಳುವಂತೆ ಯಂತ್ರವನ್ನೇ ಮಗುಚಿ ಕಟ್ಟಬೇಕಾಗುತ್ತದೆ.

ನಡುವಿನ ರೋಲರ್ ಕೂರುವ ಜಾರು ಚೌಕಟ್ಟಿನಲ್ಲಿ ಸಡಿಲ ಇರಕೂಡದು. ಎರಡೂ ಪಕ್ಕ ಹಿತ್ತಾಳೆ ಪಟ್ಟಿ ಇಟ್ಟು, ಹಿಂದಿನಿಂದ ಸಣ್ಣ ಬೋಲ್ಟ್‌ಗಳಲ್ಲಿ ಬಿಗಿ ಹೊಂದಿಸುವಂತೆ ಮಾಡಿ, ಗ್ರೀಸ್ ಹಚ್ಚಿ. ಇಡೀ ಯಂತ್ರದಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು.

ತಿರುಗಿಸುವ ವ್ಯವಸ್ಥೆಯಲ್ಲಿ ಹೊರಗಿನ ಎರಡು ರೋಲರ್‌ಗಳನ್ನೂ ಚೈನ್‌ನಿಂದ ಜೋಡಿಸಿ. ಅವೆರಡೂ ಒಂದೇ ದಿಕ್ಕಿಗೆ ತಿರುಗಬೇಕಾದ್ದರಿಂದ ಒಂದು ಚೈನ್, ಎರಡು ಸಮಾನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಸಾಕು. ಬೈಕಿನ ಹಳೆಯ ಚೈನ್ ಸೆಟ್ ಈ ಕೆಲಸಕ್ಕೆ ಸಲ್ಲುತ್ತದೆ. ಒಂದನ್ನು ಮಾತ್ರ ತಿರುಗಿಸಿದರೆ ರೋಲರ್ ಟ್ಯೂಬಿನ ಮೇಲೆ ಜಾರುತ್ತದೆ. ಟ್ಯೂಬ್ ಮುಂದೆ ಸಾಗುವುದು ಘರ್ಷಣೆಯ ಹಿಡಿತದಿಂದ ಮಾತ್ರ, ಹಾಗಾಗಿ ಹೊಸ ಟ್ಯೂಬಿನ ಎಣ್ಣೆಯನ್ನು ಒರೆಸಿಯೇ ಹಾಕಿ. ಹಿಡಿಕೆಯ ಉದ್ದ 300 ಮಿಮೀಗಿಂತ ಕಡಿಮೆ ಬೇಡ.

ಯಂತ್ರವನ್ನು ನಿಲ್ಲಿಸುವುದೋ ಮಲಗಿಸುವುದೋ ಎಂಬುದನ್ನು ಕಟ್ಟುವ ಮೊದಲೇ ಯೋಚಿಸಿ. ಚಿತ್ರಗಳಲ್ಲಿ ನೋಡುವ ಯಂತ್ರಗಳಲ್ಲಿ ಟ್ಯೂಬ್ ಮೇಲಕ್ಕೆ ಬಾಗುತ್ತದೆ. ಆರು ಮೀಟರ್ ಉದ್ದದ ಟ್ಯೂಬ್ ಹಾಗೆ ಬಾಗಿ ಎದ್ದರೆ ನಿಮ್ಮ ಶೆಡ್ಡಿನ ಶೀಟಿಗೆ ತಾಗುತ್ತದೆ; ಅಂಗಳದಲ್ಲಿಟ್ಟರೆ ಮನೆಗೆ ಬರುವ ವಿದ್ಯುತ್ ತಂತಿಗೆ ತಾಗೀತು. ಆ ತಂತಿಯ ಹತ್ತಿರ ಈ ಕೆಲಸ ಬೇಡವೇ ಬೇಡ. ಶಾಫ್ಟ್‌ಗಳು ನೆಟ್ಟಗೆ ನಿಲ್ಲುವಂತೆ ಯಂತ್ರವನ್ನು ಮೇಜಿನ ಎತ್ತರದಲ್ಲಿ ಮಲಗಿಸಿದರೆ ಟ್ಯೂಬ್ ನೆಲಕ್ಕೆ ಸಮಾನಾಂತರವಾಗಿ ಬಾಗುತ್ತದೆ, ಅಕ್ಕಪಕ್ಕ ಎರಡು ಸ್ಟ್ಯಾಂಡ್ ಇಟ್ಟರೆ ಒಬ್ಬರೇ ಸಂಭಾಳಿಸಬಹುದು. ಸ್ಟ್ಯಾಂಡ್‌ಗಳು ಗ್ರೂವ್‌ನ ಮಟ್ಟದಲ್ಲೇ ಇರಬೇಕು. ಟ್ಯೂಬಿನ ತುದಿ ಜೋತುಬಿದ್ದರೂ ಕಮಾನು ತಿರುಚಿಕೊಳ್ಳುತ್ತದೆ.

ಇನ್ನು ಸುತ್ತುವ ಕ್ರಮ. ಟ್ಯೂಬಿನ ಉದ್ದಕ್ಕೂ ಇರುವ ಕಾರ್ಖಾನೆಯ ಬೆಸುಗೆಯ ಗೆರೆಯನ್ನು ಹುಡುಕಿ, ಅದು ಬಾಗಿನ ಒಳಗೂ ಹೊರಗೂ ಬಾರದೆ ಪಕ್ಕದಲ್ಲಿ ಇರುವಂತೆ ಕೂರಿಸಿ. ಪಕ್ಕದಲ್ಲಿ ಲೋಹ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ನಡುವಿನ ರೋಲರ್ ಮುಟ್ಟುವವರೆಗೆ ಸ್ಕ್ರೂ ತಿರುಗಿಸಿ, ಅದನ್ನು ಸೊನ್ನೆ ಎಂದುಕೊಳ್ಳಿ. ಮೊದಲ ಒಂದೆರಡು ಬಾರಿ ಒಂದು ಮಿಲಿಮೀಟರ್‌ನಂತೆ, ಆಮೇಲೆ ಅರ್ಧ, ಕೊನೆಗೆ ಕಾಲು ಮಿಲಿಮೀಟರ್‌ನಂತೆ ಇಳಿಸುತ್ತಾ ಪ್ರತಿ ಸಲವೂ ತುದಿಯಿಂದ ತುದಿಗೆ ಓಡಿಸಿ. ಟ್ಯೂಬಿನ ನಡುವೆ ನಿಂತು ಸ್ಕ್ರೂ ಬಿಗಿಯಬೇಡಿ, ಅಲ್ಲೊಂದು ಮೂಲೆ ಬೀಳುತ್ತದೆ. ಹತ್ತು ಕಮಾನು ಬೇಕಾದರೆ ಒಂದೊಂದನ್ನೇ ಮುಗಿಸದೆ, ಪ್ರತಿ ಸೆಟ್ಟಿಂಗ್‌ನಲ್ಲಿ ಹತ್ತನ್ನೂ ಓಡಿಸಿ, ಆಮೇಲೆ ಸ್ಕ್ರೂ ಇಳಿಸಿ.

ಒತ್ತಡ ಬಿಟ್ಟೊಡನೆ ಟ್ಯೂಬ್ ಪುಟಿದು ಸ್ವಲ್ಪ ನೇರವಾಗುತ್ತದೆ. ನಾನು ಲೆಕ್ಕಕ್ಕೆ ಹಿಡಿದ ಟ್ಯೂಬಿನಲ್ಲಿ 2 ಮೀಟರ್ ತ್ರಿಜ್ಯ ಉಳಿಯಬೇಕಾದರೆ ರೋಲರ್‌ಗಳ ನಡುವೆ ಸುಮಾರು 1.6 ಮೀಟರ್‌ಗೆ ಬಗ್ಗಿರಬೇಕು. ಅರ್ಧ ಮೀಟರ್ ತ್ರಿಜ್ಯದ ಉಯ್ಯಾಲೆ ಬಳೆಯಲ್ಲಿ ಈ ವ್ಯತ್ಯಾಸ ಮೂರು ಸೆಂಟಿಮೀಟರ್ ಅಷ್ಟೆ. ದೊಡ್ಡ ಕಮಾನಿಗೇ ಹೆಚ್ಚು ತಾಳ್ಮೆ ಬೇಕಾಗುವುದು ಇದರಿಂದ. ಅಳೆಯುವ ಉಪಾಯ ಸುಲಭ: ಒಂದು ಮೀಟರ್ ಉದ್ದದ ನೇರ ಪಟ್ಟಿಯ ಎರಡು ತುದಿಗಳನ್ನು ಬಾಗಿನ ಒಳಮೈಗೆ ಇಟ್ಟು ನಡುವಿನ ಸಂದನ್ನು ಅಳೆಯಿರಿ. ಒಳಮೈಯ ತ್ರಿಜ್ಯ 2 ಮೀಟರ್ ಆಗಿದ್ದರೆ ಸಂದು 63ರಿಂದ 64 ಮಿಮೀ ಇರುತ್ತದೆ. ಬೇರೆ ತ್ರಿಜ್ಯಗಳಿಗೆ ಪಟ್ಟಿಯ ಉದ್ದದ ವರ್ಗವನ್ನು ಸಂದಿನ ಎಂಟು ಪಟ್ಟಿನಿಂದ ಭಾಗಿಸಿ, ಅದಕ್ಕೆ ಸಂದಿನ ಅರ್ಧ ಕೂಡಿಸಿ. ಸಿಮೆಂಟ್ ನೆಲದ ಮೇಲೆ ದಾರ ಕಟ್ಟಿ ಸೀಮೆಸುಣ್ಣದಲ್ಲಿ ಕಂಸ ಬರೆದುಕೊಂಡರೆ ಕೊನೆಯ ತಾಳೆ ನೋಡಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ತುದಿಗಳಲ್ಲಿ ರೋಲರ್ ಅಂತರದ ಅರ್ಧದಷ್ಟು, ಅಂದರೆ ಸುಮಾರು 150 ಮಿಮೀ, ನೇರವಾಗಿಯೇ ಉಳಿಯುತ್ತದೆ. ಬಳೆ ಮಾಡುವಾಗ ಅಷ್ಟು ಉದ್ದವನ್ನು ಹೆಚ್ಚಿಗೆ ತೆಗೆದುಕೊಂಡು ಆಮೇಲೆ ಕತ್ತರಿಸಬೇಕು, ಬೇರೆ ದಾರಿ ಇಲ್ಲ. ನೆರಳು ಮನೆಯ ಕಮಾನಿನಲ್ಲಿ ಮಾತ್ರ ಇದು ವರವೇ. 6 ಮೀಟರ್ ಟ್ಯೂಬಿನ ಎರಡು ತುದಿಗಳ 150 ಮಿಮೀ ಬಿಟ್ಟರೆ 5.7 ಮೀಟರ್ ಬಾಗುತ್ತದೆ; ಅದು ಅರ್ಧವೃತ್ತವಾದರೆ ತ್ರಿಜ್ಯ 1.81 ಮೀಟರ್, ಅಗಲ 3.6 ಮೀಟರ್. ನೇರ ತುದಿಗಳು ನೆಲದಲ್ಲಿ ಹೂಳಿದ ದಪ್ಪ ಪೈಪಿನೊಳಗೆ ಕಾಲಿನಂತೆ ಇಳಿಯುತ್ತವೆ. ಕತ್ತರಿಸುವುದೂ ಇಲ್ಲ, ಜೋಡಿಸುವುದೂ ಇಲ್ಲ. ಗಿರಾಕಿ ನಾಲ್ಕು ಮೀಟರ್ ಅಗಲ ಕೇಳಿದರೆ ಈ ಲೆಕ್ಕವನ್ನು ತೋರಿಸಿ 3.6ಕ್ಕೆ ಒಪ್ಪಿಸಿ.

ಎಷ್ಟು ಚಿಕ್ಕದಾಗಿ ಸುತ್ತಬಹುದು? 2 ಮಿಮೀ ದಪ್ಪದ ಟ್ಯೂಬಿನಲ್ಲಿ ವ್ಯಾಸದ ಹತ್ತು ಪಟ್ಟಿಗಿಂತ ಕಡಿಮೆ ತ್ರಿಜ್ಯಕ್ಕೆ ಇಳಿಯದಿರುವುದು ನನ್ನ ರೂಢಿ, ಅಂದರೆ ಸುಮಾರು 250 ಮಿಮೀ. 18 ಗೇಜಿನ, ಸುಮಾರು 1.2 ಮಿಮೀ ದಪ್ಪದ ಟ್ಯೂಬ್ ಅದಕ್ಕೂ ಮೊದಲೇ ಒಳಮೈಯಲ್ಲಿ ನೆರಿಗೆ ಕಟ್ಟುತ್ತದೆ. ಮರಳು ತುಂಬಿ ಎರಡೂ ಬಾಯಿಗೆ ಮರದ ಗೂಟ ಬಡಿದರೆ ಸ್ವಲ್ಪ ಅನುಕೂಲ. ಮರಳು ಪೂರ್ತಿ ಒಣಗಿರಲಿ; ಬಾಯಿ ಮುಚ್ಚಿದ ಟ್ಯೂಬಿನಲ್ಲಿ ಹಸಿ ಮರಳಿಟ್ಟು ಗ್ಯಾಸ್ ಬೆಂಕಿ ಹಿಡಿದರೆ ಒಳಗಿನ ಹಬೆ ಗೂಟವನ್ನು ಗುಂಡಿನಂತೆ ಹಾರಿಸುತ್ತದೆ.

ಚೌಕ ಪೈಪಿನ ಬಗ್ಗೆ ನನ್ನ ಉತ್ತರ ಚಿಕ್ಕದು: ಈ ಯಂತ್ರದಲ್ಲಿ ಬೇಡ. ದುಂಡು ಟ್ಯೂಬ್ ಗ್ರೂವ್‌ನಲ್ಲಿ ಸುತ್ತಲೂ ಆಸರೆ ಪಡೆಯುತ್ತದೆ. ಚೌಕದ ಒಳಮೈ ಚಪ್ಪಟೆಯಾಗಿದ್ದು ಕುಗ್ಗಲು ಜಾಗವಿಲ್ಲದೆ ಒಳಕ್ಕೆ ಕುಸಿಯುತ್ತದೆ, ಪಕ್ಕಗಳು ಉಬ್ಬುತ್ತವೆ. ದೊಡ್ಡ ಕಾರ್ಖಾನೆಗಳಲ್ಲಿ ಪಕ್ಕಗಳನ್ನು ಬಿಗಿಯಾಗಿ ಹಿಡಿಯುವ ರೋಲರ್‌ಗಳನ್ನು ಬಳಸಿ, ಒಳಮೈಯಲ್ಲಿ ಬೇಕೆಂದೇ ಒಂದು ತೋಡು ಬೀಳಿಸಿ ಸುತ್ತುತ್ತಾರೆ. ಗೇಟಿನ ಮೇಲಿನ ದೊಡ್ಡ ಬಾಗಿಗೆ ಅಲ್ಲಿಗೇ ಕಳಿಸಿ, ಇಲ್ಲವೇ ಒಳಮೈಯಲ್ಲಿ ಸಮ ಅಂತರದಲ್ಲಿ ಸೀಳು ಹಾಕಿ, ಬಗ್ಗಿಸಿ, ಬೆಸೆದು, ಗ್ರೈಂಡ್ ಮಾಡುವ ನಿಮಗೆ ಗೊತ್ತಿರುವ ಹಳೆಯ ವಿಧಾನವೇ ಇದೆ. ಚಪ್ಪಟೆ ಪಟ್ಟಿಯನ್ನು ಮಾತ್ರ ಗ್ರೂವ್ ಇಲ್ಲದ ಮೂರು ರೋಲರ್ ಹಾಕಿ ಇದರಲ್ಲೇ ಸುತ್ತಬಹುದು.

ಮೋಟಾರ್ ಸದ್ಯಕ್ಕೆ ಬೇಡ. ಕೈಯಿಂದ ತಿರುಗಿಸುವಾಗ ಟ್ಯೂಬ್ ಎಲ್ಲಿ ಬಿಗಿಯಿತು, ಎಲ್ಲಿ ಜಾರಿತು ಎಂಬುದು ಹಿಡಿಕೆಯಲ್ಲೇ ತಿಳಿಯುತ್ತದೆ. ಮೋಟಾರ್‌ಗೆ ಆ ದಾಕ್ಷಿಣ್ಯವಿಲ್ಲ. ಒಂದು ಹಂಗಾಮು ಕೆಲಸ ನಡೆದು, ನೂರಾರು ಕಮಾನುಗಳ ಬೇಡಿಕೆ ಬಂದರೆ ಆಗ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್, 60 ಸುತ್ತನ್ನು 1ಕ್ಕೆ ಇಳಿಸುವ ವರ್ಮ್ ಗೇರ್‌ಬಾಕ್ಸ್, ಅದರ ಮುಂದೆ ಅರ್ಧ ವೇಗಕ್ಕೆ ಇಳಿಸುವ ಚೈನ್ ಹಾಕಿ. 1440 ಸುತ್ತಿನ ಮೋಟಾರ್‌ನಿಂದ ರೋಲರಿಗೆ ನಿಮಿಷಕ್ಕೆ 12 ಸುತ್ತು ಸಿಗುತ್ತದೆ, ಟ್ಯೂಬ್ ನಿಮಿಷಕ್ಕೆ 3 ಮೀಟರಿಗೆ ಸ್ವಲ್ಪ ಕಡಿಮೆ ಚಲಿಸುತ್ತದೆ. ಅದಕ್ಕಿಂತ ವೇಗ ಬೇಡ. ಸಿಂಗಲ್ ಫೇಸ್ ಮೋಟಾರ್ ಪೂರ್ತಿ ನಿಂತ ಮೇಲೆಯೇ ದಿಕ್ಕು ಬದಲಿಸಬೇಕು. ಕಾಲು ತೆಗೆದೊಡನೆ ನಿಲ್ಲುವ ಪೆಡಲ್ ಸ್ವಿಚ್ ಇರಲಿ, ಚೈನಿಗೆ ತಗಡಿನ ಹೊದಿಕೆ ಇರಲಿ. ಕೈಗವಸು, ಹೆಗಲ ಮೇಲಿನ ಟವೆಲ್, ಲುಂಗಿ ಈ ಯಂತ್ರದ ಹತ್ತಿರ ಬೇಡ. ರೋಲರ್ ಬಟ್ಟೆಯನ್ನು ಹಿಡಿದರೆ ಬಟ್ಟೆಯ ಹಿಂದೆ ಕೈಯೂ ಹೋಗುತ್ತದೆ.

ಜಿಐ, ಅಂದರೆ ಸತು ಲೇಪಿಸಿದ, ಟ್ಯೂಬ್ ಬಳಸುವುದಾದರೆ ಸುತ್ತಲು ಅಡ್ಡಿಯಿಲ್ಲ, ನಿಧಾನವಾಗಿ ಓಡಿಸಿದರೆ ಸತುವಿನ ಲೇಪ ಹೆಚ್ಚೇನೂ ಕಿತ್ತುಬರುವುದಿಲ್ಲ. ರೋಲರ್‌ಗೆ ಅಂಟುವ ಸತುವಿನ ಪುಡಿಯನ್ನು ಆಗಾಗ ತಂತಿ ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಟ್ಯೂಬಿನ ಮೇಲೆ ಅದು ಕಲೆ ಒತ್ತುತ್ತದೆ. ಬೆಸುಗೆ ಹಾಕುವ ಜಾಗದಲ್ಲಿ ಮಾತ್ರ ಲೇಪವನ್ನು ಎರಡು ಮೂರು ಸೆಂಟಿಮೀಟರ್‌ವರೆಗೆ ಗ್ರೈಂಡ್ ಮಾಡಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡಿ. ಸುಟ್ಟ ಸತುವಿನ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಹಿಡಿಯುತ್ತದೆ. ಬೆಸುಗೆಯ ಕಿಟ್ಟ ತೆಗೆದ ಮೇಲೆ ಆ ಜಾಗಕ್ಕೆ ಸತುವಿನ ಅಂಶ ಹೆಚ್ಚಿರುವ ಪೇಂಟನ್ನು ಎರಡು ಸಲ ಬಳಿಯಿರಿ. ನೆರಳು ಮನೆಯ ಒಳಗೆ ಸದಾ ತೇವವಿರುವುದರಿಂದ ತುಕ್ಕು ಮೊದಲು ಹಿಡಿಯುವುದು ಅಲ್ಲೇ.